ಮೊಬೈಲ್ ಆಟ ಮತ್ತು ಹೆಸರುಕಾಳಿನ ರೊಕ್ಕ



ಇದು ಒಂದು ಆಟದ ಪಾಠ. ಆಟ ಅಂದ ಕೂಡಲೇ "ಇದು ಹುಡುಗರ ಕೆಲಸ, ನಮಗ್ಯಾಕ?" ಅನ್ನಬೇಡಿರಿ. ಈ ಆಟ ನಮ್ಮ ಹೊಲದ ರೊಕ್ಕಕ್ಕೂ ಕೈ ಹಾಕುತ್ತದೆ. ಅದು ಹೇಗೆ ಎಂಬುದನ್ನು ನಾವು ನಮ್ಮ ಕಲಿಕಾ ಕೇಂದ್ರದಲ್ಲಿಯೇ ಕಂಡೆವು. ಅದನ್ನೇ ಇಲ್ಲಿ ಹೇಳುತ್ತೇವೆ.

ಪಾಸ್‌ಬುಕ್ ಓದಿದ ದಿನ

ನಮ್ಮ ಕೇಂದ್ರ ರೋಣ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದು, ಸಂಜೆ ಏಳಕ್ಕೆ ಎಲ್ಲರೂ ಶಾಲೆಯ ಕೋಣೆಗೆ ಬರುತ್ತಾರೆ. ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅಕ್ಷರ ಕಲಿತಾದ ಮೇಲೆ ಅಂಕಿಯ ಪಾಠ ಬಂತು. ಆಗ ನಾವು ಹೇಳಿದೆವು:

"ನಾಳೆ ಎಲ್ಲಾರೂ ನಿಮ್ಮ ನಿಮ್ಮ ಬ್ಯಾಂಕಿನ ಪಾಸ್‌ಬುಕ್ ತಗೊಂಡು ಬರ್ರಿ. ಬರೂ ಮುಂದ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿಕೊಂಡು ಬರ್ರಿ. ನಿಮ್ಮ ರೊಕ್ಕದ ಅಂಕಿ ನೀವ ಓದೂಣು."

ಮರುದಿನ ಪಾಸ್‌ಬುಕ್ ಬಂದವು. ಒಬ್ಬ ತಾಯಿ ಬೆರಳಿಟ್ಟು ಓದತೊಡಗಿದರು. ಹೆಸರುಕಾಳು ಮಾರಿದ ರೊಕ್ಕ ಜಮಾ ಆದ ಸಾಲು ಸಿಕ್ಕಿತು. ಅವರ ಮುಖ ಅರಳಿತು. ಅದರ ಕೆಳಗಿನ ಸಾಲು ಓದಿದರು. 49. ಮತ್ತೆ 49. ಆಮೇಲೆ 199. ಆಮೇಲೆ 499. ಅವರ ಬೆರಳು ನಿಂತಿತು.

"ಅಕ್ಕಾರ, ಇದೇನ್ರೀ? ನಾ ಇಷ್ಟು ಸಲ ರೊಕ್ಕ ತಗದೇ ಇಲ್ಲಲ್ರೀ!"

ನಾವು ಆ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದೆವು.

49 ರೂಪಾಯಿ, 4 ಸಲ: 196
199 ರೂಪಾಯಿ, 3 ಸಲ: 597
499 ರೂಪಾಯಿ, 5 ಸಲ: 2,495
1,000 ರೂಪಾಯಿ, 3 ಸಲ: 3,000
2,000 ರೂಪಾಯಿ, 1 ಸಲ: 2,000
ಒಟ್ಟು: 8,288 ರೂಪಾಯಿ

ಅಂದು ಅವರೇ ಕೂಡಿಸಿದರು. ಅದು ಅವರು ಕೂಡಿಸಿದ ಮೊದಲ ದೊಡ್ಡ ಲೆಕ್ಕ. ಕೂಡಿಸಿ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು:

"ಕಸ ತಗಿಯಾಕ ಹೋದ್ರ ನನಗ ದಿನಕ್ಕ 300 ರೂಪಾಯಿ. ಹಂಗಾದ್ರ ಇದು ನನ್ನ ಇಪ್ಪತ್ತೇಳು ದಿನದ ಕೂಲಿ, ಮ್ಯಾಲ 188 ರೂಪಾಯಿ."

ಆ ರೊಕ್ಕ ಹಿಂಗಾರಿಗೆ ಕಡಲೆಬೀಜ, ಗೊಬ್ಬರ ತರಲು ಇಟ್ಟದ್ದಾಗಿತ್ತು.

ಮಗ ಹೇಳಿದ ಮಾತು

ಅವರ ಮಗ ಹದಿನೇಳು ವರ್ಷದ ಹುಡುಗ. ಪಿಯುಸಿ ಓದುತ್ತಾನೆ. ತಾಯಿಯ ಮೊಬೈಲಿಗೆ ಯುಪಿಐ ಹಾಕಿಕೊಟ್ಟವನೂ ಅವನೇ. ಪಿನ್ ಇಟ್ಟವನೂ ಅವನೇ. ಪಿನ್ ಅಂದರೆ ಅವನು ಹುಟ್ಟಿದ ಇಸವಿ!

ಮರುದಿನ ಅವನು ತಾಯಿಯ ಜೊತೆ ಕೇಂದ್ರಕ್ಕೆ ಬಂದ. ತಲೆ ತಗ್ಗಿಸಿ ನಿಂತ. ನಾವು ಬೈಯಲಿಲ್ಲ. "ತಮ್ಮಾ, ಕುಂದ್ರು. ಇದ್ದದ್ದು ಇದ್ದಂಗ ಹೇಳು" ಅಂದೆವು.

"ಮೊದ್ಲ ಬಂದೂಕಿನ ಆಟ ಆಡ್ತಿದ್ನಿರೀ. ಅದರಾಗ ನಮ್ಮ ಗೊಂಬಿಗೆ ಅಂಗಿ, ಬಂದೂಕಿನ ಬಣ್ಣ ಕೊಳ್ಳಾಕ 49, 199 ಹಾಕೀನಿರೀ. ಆಮ್ಯಾಲ ಗೆಳ್ಯಾರು ಇಸ್ಪೀಟಿನ ಆಟ ತೋರ್ಸಿದ್ರು. 499 ಕಟ್ಟಿದ್ರ 900 ಬಂತ್ರೀ. ಖುಷಿ ಆತು. ಮತ್ತ ಕಟ್ಟಿನಿ. ಹೋತು. ಹೋದದ್ದು ತರಬೇಕಂತ ಸಾವಿರ ಕಟ್ಟಿನಿ. ಅದೂ ಹೋತು. ಕಡೀಕ ಎರಡು ಸಾವಿರ ಕಟ್ಟಿನಿ."

"ಬಂದ 900 ಎಲ್ಲೈತಿ?" ತಾಯಿ ಕೇಳಿದರು.

"ಅದೂ ಆ ಆಟದಾಗ ಹೋತ ಯವ್ವಾ. ಕೈಗೆ ಬರ್ಲೇ ಇಲ್ಲ."

ಈ ಹುಡುಗನೊಬ್ಬನೇ ಹೀಗೆ ಅಲ್ಲ. ಕಲಿಸುವ ನಾವೂ ಜಾಣರೇನಲ್ಲ. ನಮ್ಮಲ್ಲಿಯೇ ಒಬ್ಬರು ಕ್ರಿಕೆಟ್ ತಂಡ ಕಟ್ಟುವ ಆಟಕ್ಕೆ ದಿನಾ 49 ರೂಪಾಯಿ ಹಾಕಿದರು. ಅರವತ್ತು ದಿನಕ್ಕೆ 2,940 ರೂಪಾಯಿ ಹಾಕಿದಂತಾಯಿತು. ಗೆದ್ದದ್ದು 600. "ಚಹಾದ ರೊಕ್ಕ ಅಂತ ತಿಳಿದಿದ್ದೆ, ಕೂಡಿಸೇ ನೋಡಿರಲಿಲ್ಲ" ಎಂದು ಅವರೇ ಎಲ್ಲರ ಮುಂದೆ ಒಪ್ಪಿಕೊಂಡರು. ಸಣ್ಣ ಸಣ್ಣ ಅಂಕಿ ಕಣ್ಣಿಗೆ ಕಾಣುವುದಿಲ್ಲ. ಕೂಡಿಸಿದಾಗ ಕಾಣುತ್ತದೆ.

ಆನ್‌ಲೈನ್ ಆಟ ಅಂದರೇನು?

ಮೊದಲು ಆಟ ಆಡಬೇಕಾದರೆ ಎಲ್ಲರೂ ಒಂದೇ ಕಟ್ಟೆಯ ಮೇಲೆ ಕೂಡಬೇಕಿತ್ತು. ಈಗ ಬೇಕಾಗಿಲ್ಲ. ಗಜೇಂದ್ರಗಡದ ಹುಡುಗ, ಬೆಂಗಳೂರಿನ ಹುಡುಗ, ಬೇರೆ ದೇಶದ ಹುಡುಗ ತಮ್ಮ ತಮ್ಮ ಮನೆಯಲ್ಲಿಯೇ ಕುಳಿತು ಒಂದೇ ಆಟ ಆಡಬಹುದು. ಎಲ್ಲರ ಮೊಬೈಲನ್ನು ಇಂಟರ್‌ನೆಟ್ ಜೋಡಿಸುತ್ತದೆ. ಇದೇ ಆನ್‌ಲೈನ್ ಆಟ.

ಪಬ್‌ಜಿ ಎಂಬ ಹೆಸರು ನೀವು ಕೇಳಿರಬಹುದು. 2020ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು. 2021ರಲ್ಲಿ ಅದೇ ಬಗೆಯ ಇನ್ನೊಂದು ಆಟ ಭಾರತದವರಿಗಾಗಿಯೇ ಬಂತು. ಈ ಬಗೆಯ ಆಟದಲ್ಲಿ ನೂರು ಆಟಗಾರರು ವಿಮಾನದಿಂದ ಒಂದು ನಡುಗಡ್ಡೆಗೆ ಇಳಿಯುತ್ತಾರೆ. ಬಂದೂಕು, ಔಷಧಿ ಹುಡುಕುತ್ತಾರೆ. ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ಇರಬಹುದಾದ ಜಾಗ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವರು ಗೆದ್ದಂತೆ.

ನಾವು ಹುಡುಗನನ್ನು ಕೇಳಿದೆವು: "ಈ ಆಟದಾಗ ನೀ ಏನು ಕಲ್ತಿ?"

ಹುಡುಗ ತಲೆ ಎತ್ತಿದ. ಅವನ ಮಾತು ಸರಾಗವಾಯಿತು.

"ಮೊದ್ಲ ಮೊದ್ಲ ನಾ ಹೆಚ್ಚು ಬಂದೂಕು ಸಿಗೂ ಕಡೆ ಇಳೀತಿದ್ನಿರೀ. ಅಲ್ಲಿ ಎಲ್ಲಾರೂ ಇಳೀತಾರ. ಎರಡು ನಿಮಿಷಕ್ಕ ಸಾಯ್ತಿದ್ನಿ. ಆಮ್ಯಾಲ ಕಡೀಕ ಇಳ್ಯಾಕ ಕಲ್ತೀನಿ. ಅಲ್ಲಿ ಕಮ್ಮಿ ಸಿಗತೈತಿ, ಆದ್ರ ಜೀವ ಉಳೀತೈತಿ. ಇದ್ದ ಔಷಧಿ ಒಮ್ಮೆಲೆ ಖರ್ಚು ಮಾಡಬಾರ್ದು. ಜಾಗ ಕಿರಿದಾಗೂಕಿಂತ ಮೊದ್ಲ ಎದ್ದು ಹೋಗಬೇಕು. ಕಡೀ ಗಳಿಗ್ಯಾಗ ಓಡಿದ್ರ ಆಗೂದಿಲ್ಲ."

ತಾಯಿ ಮಗನ ಮುಖ ನೋಡಿದರು. "ಅಲ್ಲೋ, ಸುಳ್ಳ ಬಂದೂಕಿನ ಆಟದಾಗ ಇಷ್ಟು ಶ್ಯಾಣ್ಯಾ ಇದ್ದಾಂವ, ಖರೇ ರೊಕ್ಕದಾಗ ಯಾಕ ಹಿಂಗ ಮಾಡಿದಿ?"

ಹುಡುಗನಲ್ಲಿ ಉತ್ತರ ಇರಲಿಲ್ಲ. ಆದರೆ ತಾಯಿಯ ಪ್ರಶ್ನೆ ಬಹಳ ದೊಡ್ಡದು. ಅದಕ್ಕೆ ಉತ್ತರ ಹುಡುಕೋಣ.

ಚೌಕಾಬಾರದ ಕಟ್ಟೆಮನೆ

ಚೌಕಾಬಾರ ನಮಗೆಲ್ಲ ಗೊತ್ತು. ನೆಲದ ಮೇಲೆ ಐದು ಸಾಲು, ಐದು ಕಂಬದ ಮನೆ ಬರೆಯುತ್ತೇವೆ. ನಾಲ್ಕು ಕವಡೆ ಹಾಕುತ್ತೇವೆ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಜನ ಕೂಡಿ ಆಡುತ್ತೇವೆ.

ಗೀಟು ಎಳೆದ ಮನೆಯಲ್ಲಿ ಕಾಯಿ ಕೂತರೆ ಯಾರೂ ಹೊಡೆಯುವಂತಿಲ್ಲ. ಬಯಲು ಮನೆಯಲ್ಲಿ ಕೂತರೆ ಹೊಡೆತ ಬೀಳಬಹುದು. ಹೊಡೆತ ಬಿದ್ದರೆ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು. ಅದಕ್ಕೇ ಜಾಣರು ಏನು ಮಾಡುತ್ತಾರೆ? ಒಂದೇ ಕಾಯಿಯನ್ನು ಓಡಿಸುವುದಿಲ್ಲ. ಎರಡು ಕಾಯಿ ಗಟ್ಟಿ ಮನೆಯಲ್ಲಿಟ್ಟು, ಒಂದನ್ನು ಮುಂದೆ ಬಿಡುತ್ತಾರೆ. ಹಿಂದೆ ಯಾರ ಕಾಯಿ ಐತಿ, ಅದು ಎಷ್ಟು ಮನೆ ದೂರ ಐತಿ ಎಂದು ಎಣಿಸುತ್ತಾರೆ.

ಕವಡೆ ನಮ್ಮ ಮಾತು ಕೇಳುವುದಿಲ್ಲ. ಆದರೆ ಕಾಯಿ ಎಲ್ಲಿ ಇಡಬೇಕು ಎಂಬುದು ನಮ್ಮ ಕೈಯಲ್ಲಿದೆ. ಮಳೆ ನಮ್ಮ ಮಾತು ಕೇಳುವುದಿಲ್ಲ. ಆದರೆ ಯಾವ ಹೊಲಕ್ಕೆ ಏನು ಬಿತ್ತಬೇಕು ಎಂಬುದು ನಮ್ಮ ಕೈಯಲ್ಲಿದೆ. ನಷ್ಟ ಬರಬಹುದು ಎಂದು ಮೊದಲೇ ತಿಳಿದು, ಬಂದರೂ ತಡೆದುಕೊಳ್ಳುವಂತೆ ನಡೆಯುವುದಕ್ಕೆ ಜೋಖಿಮು ಲೆಕ್ಕ ಹಾಕುವುದು ಅನ್ನುತ್ತಾರೆ. ಓದಿದವರು ಇದಕ್ಕೆ 'ರಿಸ್ಕ್' ಎನ್ನುತ್ತಾರೆ.

ದೂರ ದೇಶದ ಒಂದು ದೊಡ್ಡ ಸೋಲು

ಐಸ್‌ಲ್ಯಾಂಡ್ ಎಂಬ ಸಣ್ಣ ದೇಶದ ಕಂಪನಿಯೊಂದು 2003ರಲ್ಲಿ 'ಈವ್ ಆನ್‌ಲೈನ್' ಎಂಬ ಆಟ ತಂದಿತು. ಇದು ಕಂಪ್ಯೂಟರಿನಲ್ಲಿ ಆಡುವ ಆಟ. ಇದರಲ್ಲಿ ಆಕಾಶದಲ್ಲಿ ಹಾರುವ ಹಡಗುಗಳಿವೆ. ಆಟಗಾರರು ದುಡಿದು ಹಡಗು ಕಟ್ಟುತ್ತಾರೆ. ವ್ಯಾಪಾರ ಮಾಡುತ್ತಾರೆ. ಯುದ್ಧವನ್ನೂ ಮಾಡುತ್ತಾರೆ. ಈ ಆಟದ ಒಂದು ಕಠಿಣ ನಿಯಮ ಏನೆಂದರೆ, ಹಡಗು ಒಡೆದರೆ ಒಡೆದೇ ಹೋಯಿತು. ತಿಂಗಳುಗಟ್ಟಲೆ ದುಡಿದದ್ದು ಒಂದು ಗಳಿಗೆಯಲ್ಲಿ ಹೋಗುತ್ತದೆ.

2014ರ ಜನವರಿ 27ರಂದು ಏನಾಯಿತು ನೋಡಿ. ಆಟದೊಳಗೆ ಒಂದು ದೊಡ್ಡ ಗುಂಪು ಒಂದು ಸೀಮೆಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. ತನ್ನ ಹಡಗುಗಳನ್ನು ಅಲ್ಲಿ ಕೂಡಿಹಾಕಿತ್ತು. ಆ ಸೀಮೆಗೆ ಗೊತ್ತಾದ ದಿನ ಬಾಡಿಗೆ ಕಟ್ಟಬೇಕು. ಅಂದು ಆ ಬಾಡಿಗೆ ಸಂದಾಯ ಆಗಲಿಲ್ಲ. ಸೀಮೆ ಅವರ ಕೈ ತಪ್ಪಿತು. ವೈರಿಗಳು ನುಗ್ಗಿದರು. 21 ತಾಸು ಯುದ್ಧ ನಡೆಯಿತು. ಏಳೂವರೆ ಸಾವಿರಕ್ಕಿಂತ ಹೆಚ್ಚು ಆಟಗಾರರು ಸೇರಿಕೊಂಡರು. ಎಲ್ಲಕ್ಕಿಂತ ದೊಡ್ಡ ಬಗೆಯ 75 ಹಡಗು ಒಡೆದವು. ನಿಜವಾದ ರೊಕ್ಕದ ಲೆಕ್ಕದಲ್ಲಿ ಆ ನಷ್ಟ ಸುಮಾರು ಮೂರು ಲಕ್ಷ ಡಾಲರ್ ಎಂದು ಅಂದಾಜು ಮಾಡಿದರು. ನಮ್ಮ ರೂಪಾಯಿಯಲ್ಲಿ ಒಂದೂವರೆ ಕೋಟಿಗಿಂತ ಹೆಚ್ಚು!

ಈ ಕಥೆ ಕೇಳಿ ನಮ್ಮ ಕೇಂದ್ರದ ಒಬ್ಬ ಅಜ್ಜಿ ಅಂದರು: "ಅಂದ್ರ, ಒಂದು ಕಂತು ತಪ್ಪಿದ್ದಕ್ಕ ಇಷ್ಟಾತು."

ಅಜ್ಜಿ ಹೇಳಿದ್ದು ಸರಿ. ಆ ಆಟ ಆಡುವವರು ಹೊಸಬರಿಗೆ ಮೊದಲು ಒಂದು ಮಾತು ಹೇಳಿಕೊಡುತ್ತಾರೆ. ಕಳೆದುಕೊಂಡರೆ ತಡೆದುಕೊಳ್ಳಲು ಆಗದಂಥ ಹಡಗನ್ನು ಹತ್ತಲೇಬೇಡ ಎಂಬುದೇ ಆ ಮಾತು. ಹಡಗಿಗೆ ವಿಮೆ ಮಾಡಿಸುವ ಏರ್ಪಾಡು ಕೂಡ ಆ ಆಟದಲ್ಲಿದೆ. ಬಹಳ ಸೋತ ಮೇಲೆ ಆಟಗಾರರಿಗೆ ಬಂದ ಬುದ್ಧಿ ಇದು.

ನಮ್ಮ ಹೊಲದಾಗಿನ ಲೆಕ್ಕ

ಈ ಬುದ್ಧಿ ನಮಗೆ ಹೊಸದೇನಲ್ಲ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಮಳೆ ಕಡಿಮೆ. ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವುದಿಲ್ಲ. ಇಲ್ಲಿ ಒಕ್ಕಲುತನ ಮಾಡುವವರು ದಿನಾ ಜೋಖಿಮಿನ ಲೆಕ್ಕ ಹಾಕಿಯೇ ಬದುಕಿದ್ದಾರೆ. ನಮ್ಮ ಹಿರಿಯರು ಮಾಡಿದ್ದನ್ನು ನೆನೆಸಿಕೊಳ್ಳಿ.

ಒಂದು, ಅಕ್ಕಡಿ. ಹಿಂಗಾರಿ ಜೋಳದ ನಡುವೆ, ಕಡಲೆಯ ನಡುವೆ ಕುಸುಬಿಯ ಸಾಲು ಬಿಡುತ್ತಿದ್ದರು. ಒಂದು ಹೋದರೆ ಒಂದು ಕೈ ಹಿಡಿಯುತ್ತಿತ್ತು. ಕುಸುಬಿಯ ಮುಳ್ಳು ದನಗಳನ್ನೂ ದೂರ ಇಡುತ್ತಿತ್ತು.

ಎರಡು, ಹಗೇವು. ಸುಗ್ಗಿಯ ಜೋಳವನ್ನೆಲ್ಲ ಮಾರುತ್ತಿರಲಿಲ್ಲ. ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚುತ್ತಿದ್ದರು. ಬರ ಬಂದ ವರ್ಷ ತೆಗೆಯುತ್ತಿದ್ದರು.

ಮೂರು, ಬೀಜದ ಕಾಳು. ಎಷ್ಟೇ ಕಷ್ಟ ಬಂದರೂ ಬೀಜಕ್ಕೆ ಇಟ್ಟ ಕಾಳು ಮುಟ್ಟುತ್ತಿರಲಿಲ್ಲ. ಬೀಜ ತಿಂದರೆ ಮುಂದಿನ ವರ್ಷವನ್ನೇ ತಿಂದಂತೆ.

ನಾಲ್ಕು, ಹೊಳೆಯ ದಂಡೆಯವರ ಎಚ್ಚರ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳೆ, ಬೆಣ್ಣೆಹಳ್ಳ ಉಕ್ಕಿ ಬಂದವು. ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ನೀರು ಬರುವಾಗ ಮೊದಲೇ ಎದ್ದರೆ ದನಕರು, ಕಾಗದಪತ್ರ ಉಳಿಯುತ್ತವೆ. "ಇನ್ನಷ್ಟು ನೋಡೂಣು" ಅಂದರೆ ಉಟ್ಟ ಬಟ್ಟೆಯ ಮೇಲೆ ಹೊರಡಬೇಕಾಗುತ್ತದೆ. ಹುಡುಗ ಹೇಳಿದನಲ್ಲ, ಜಾಗ ಕಿರಿದಾಗುವ ಮೊದಲೇ ಏಳಬೇಕು ಅಂತ? ಅದೇ ಮಾತು ಇದು.

ಈಗ ಇವುಗಳ ಜೊತೆ ಬೆಳೆ ವಿಮೆಯೂ ಇದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು. ಮುಂಗಾರಿನ ಕಾಳು, ಎಣ್ಣೆಕಾಳಿಗೆ ರೈತರು ಕಟ್ಟುವ ಕಂತು ವಿಮೆಯ ಮೊತ್ತದಲ್ಲಿ ನೂರಕ್ಕೆ 2 ರೂಪಾಯಿ. ಹಿಂಗಾರಿಗೆ ನೂರಕ್ಕೆ ಒಂದೂವರೆ ರೂಪಾಯಿ. ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ನೂರಕ್ಕೆ 5 ರೂಪಾಯಿವರೆಗೆ. ಹಿಂಗಾರಿ ಕಡಲೆಗೆ ವಿಮೆಯ ಮೊತ್ತ 30,000 ಇದೆ ಅಂತ ಇಟ್ಟುಕೊಳ್ಳಿ. ಆಗ ಕಂತು 450 ರೂಪಾಯಿ. ಕೊನೆಯ ದಿನ ಯಾವುದು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಗೋಡೆಯ ಮೇಲೆ ಬರೆದಿಡಿ. ದಿನ ತಪ್ಪಿದರೆ ವಿಮೆ ಇಲ್ಲ. ಬಾಡಿಗೆ ತಪ್ಪಿದ ಆ ಹಡಗಿನವರನ್ನು ನೆನೆಸಿಕೊಳ್ಳಿ.

ಹಾಗಂತ ನಾವು ತಪ್ಪು ಮಾಡುವುದಿಲ್ಲವೇ? ಮಾಡುತ್ತೇವೆ. 2019ರ ಡಿಸೆಂಬರ್‌ನಲ್ಲಿ ಉಳ್ಳಾಗಡ್ಡಿ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತ್ತು. ಅಂಥ ಬೆಲೆ ನೋಡಿದಾಗ ಇದ್ದ ಹೊಲಕ್ಕೆಲ್ಲ ಉಳ್ಳಾಗಡ್ಡಿ ಹಾಕೋಣ ಅನ್ನಿಸುತ್ತದೆ. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಎಲ್ಲರೂ ಒಂದೇ ಕಡೆ ಇಳಿದರೆ ಏನಾಗುತ್ತದೆ? ಬೆಲೆ ಬೀಳುತ್ತದೆ. ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಮಸಾರಿ ಹೊಲದವರು ಒಂದು ಬೋರ್ ಕೊರೆಸುತ್ತಾರೆ. ನೀರು ಬೀಳುವುದಿಲ್ಲ. "ಹೋದ ರೊಕ್ಕ ತರಬೇಕು" ಎಂದು ಸಾಲ ಮಾಡಿ ಎರಡನೆಯದು, ಮೂರನೆಯದು ಕೊರೆಸುತ್ತಾರೆ. ಆ ಹುಡುಗ 499ರಿಂದ 1,000ಕ್ಕೆ, 1,000ದಿಂದ 2,000ಕ್ಕೆ ಹೋದದ್ದೂ ಇದೇ ದಾರಿ.

ತಾಯಿಯ ಪ್ರಶ್ನೆಗೆ ಉತ್ತರ

ಬಂದೂಕಿನ ಆಟದಲ್ಲಿ ಸೋತಾಗ ಹುಡುಗ ಏನು ಕಳೆದುಕೊಂಡ? ಹದಿನೈದು-ಇಪ್ಪತ್ತು ನಿಮಿಷ. ಹೊಸ ಆಟ ಶುರುವಾದಾಗ ಎಲ್ಲರೂ ಮತ್ತೆ ಸಮಾನರು. ಅಲ್ಲಿ ಸೋಲು ಅಗ್ಗ. ಅಗ್ಗದ ಸೋಲು ಬುದ್ಧಿ ಕಲಿಸುತ್ತದೆ. ತಪ್ಪು ಎಲ್ಲಿ ಆಯಿತು ಎಂದು ಕುಳಿತು ಯೋಚಿಸಲು ಮನಸ್ಸು ತಣ್ಣಗಿರುತ್ತದೆ.

ರೊಕ್ಕದ ಆಟದಲ್ಲಿ ಸೋತಾಗ ಹಾಗಲ್ಲ. ಅಲ್ಲಿ ಹೋದದ್ದು ತಾಯಿಯ ಕೂಲಿ. ಮನಸ್ಸಿಗೆ ಭಯ, ನಾಚಿಕೆ. "ಅವ್ವಗ ಗೊತ್ತಾಗೂದ್ರಾಗ ತುಂಬಿಬಿಡಬೇಕು" ಎಂಬ ಅವಸರ. ಅವಸರದಲ್ಲಿ ಬುದ್ಧಿ ಓಡುವುದಿಲ್ಲ. ಕೈ ಓಡುತ್ತದೆ.

ಇನ್ನೊಂದು ಕಾರಣವೂ ಇದೆ. ಅದನ್ನು ಲೆಕ್ಕದಿಂದ ನೋಡೋಣ. ನಾಲ್ಕು ಜನ 10 ರೂಪಾಯಿಯಂತೆ ಕಟ್ಟಿ ಆಡುತ್ತಾರೆ ಅಂತ ಇಟ್ಟುಕೊಳ್ಳಿ. ಒಟ್ಟು 40 ರೂಪಾಯಿ. ಗೆದ್ದವನಿಗೆ 34 ಬರುತ್ತದೆ. 6 ರೂಪಾಯಿ ಆಟ ನಡೆಸುವವನಿಗೆ. ಹತ್ತು ಆಟ ಆದಾಗ ನಾಲ್ವರೂ ಕೂಡಿ 400 ಕಟ್ಟಿದರು. ಅವರಿಗೆ ಮರಳಿ ಬಂದದ್ದು 340. ನಡೆಸುವವನ ಪೆಟ್ಟಿಗೆಗೆ 60. ಯಾರು ಗೆದ್ದರೂ ಯಾರು ಸೋತರೂ ಅವನಿಗೆ 60 ಖಚಿತ. ಆಡುತ್ತ ಹೋದಷ್ಟೂ ನಾಲ್ವರ ರೊಕ್ಕ ಕರಗುತ್ತದೆ. ಇಲ್ಲಿ ಜಾಣತನ ಎಷ್ಟಿದ್ದರೂ ನೆಲವೇ ಇಳಿಜಾರು. ಹೊಲದಲ್ಲಿ ಬಿತ್ತಿದ ಒಂದು ಕಾಳು ಹತ್ತಾಗಬಹುದು. ಜೂಜಿನಲ್ಲಿ ಕಾಳು ಬೆಳೆಯುವುದಿಲ್ಲ, ಕೈಯಿಂದ ಕೈಗೆ ಹೋಗುತ್ತದೆ ಅಷ್ಟೇ. ಹೋಗುವಾಗ ಒಂದಷ್ಟು ಉದುರುತ್ತದೆ.

ಪಾಂಡವರು ಪಗಡೆಯಲ್ಲಿ ಸೋತದ್ದು ನಮಗೆ ಗೊತ್ತು. ಧರ್ಮರಾಯ ದಡ್ಡನಲ್ಲ. ಆದರೆ ಸೋತದ್ದನ್ನು ಗೆಲ್ಲಬೇಕೆಂದು ಮತ್ತೆ ಮತ್ತೆ ಪಣ ಇಟ್ಟ. ದಾಳ ಶಕುನಿಯ ಕಡೆಗಿತ್ತು.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕಾಗಿ ಒಂದು ಕಾಯಿದೆ ಒಪ್ಪಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ರೊಕ್ಕ ಕಟ್ಟಿ ರೊಕ್ಕ ಗೆಲ್ಲುವ ಆನ್‌ಲೈನ್ ಆಟ ನಡೆಸುವುದು ಈ ಕಾಯಿದೆಯಂತೆ ಅಪರಾಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೂ ಶಿಕ್ಷೆ ಇದೆ. ಆಡಿ ಮೋಸಹೋದವರಿಗೆ ಶಿಕ್ಷೆ ಇಲ್ಲ. ಆದ್ದರಿಂದ ಹೆದರಿ ಮುಚ್ಚಿಡಬೇಕಾಗಿಲ್ಲ. ರೊಕ್ಕದ ಪಣ ಇಲ್ಲದ ಆಟಗಳಿಗೆ ಈ ಕಾಯಿದೆ ಅಡ್ಡಿ ಮಾಡುವುದಿಲ್ಲ. ಆದರೆ ಕಾಯಿದೆ ಬಂತೆಂದು ಕಣ್ಣು ಮುಚ್ಚಬಾರದು. ಕಳ್ಳದಾರಿಯಲ್ಲಿ ಬರುವ ಆಟಗಳು ಇದ್ದೇ ಇರುತ್ತವೆ.

ನಾವು ಏನು ಮಾಡಬೇಕು?

1. ನಿಮ್ಮ ಪಿನ್ ನೀವೇ ಇಟ್ಟುಕೊಳ್ಳಿ. ಹುಟ್ಟಿದ ಇಸವಿ ಇಡಬೇಡಿ. ಮಗ, ಮಗಳು, ಅಂಗಡಿಯವರು, ಯಾರಿಗೂ ಹೇಳಬೇಡಿ.

2. ರೊಕ್ಕ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ. "ಪಿನ್ ಒತ್ತಿರಿ, ರೊಕ್ಕ ಬರತೈತಿ" ಎಂದು ಯಾರಾದರೂ ಹೇಳಿದರೆ ಅದು ಮೋಸ.

3. ತಿಂಗಳಿಗೊಮ್ಮೆ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ. ಸಣ್ಣ ಅಂಕಿಗಳನ್ನೂ ಓದಿ, ಕೂಡಿಸಿ.

4. ಬೀಜ-ಗೊಬ್ಬರದ ರೊಕ್ಕ ಒಂದು ಖಾತೆಯಲ್ಲಿರಲಿ. ಮೊಬೈಲಿಗೆ ಜೋಡಿಸಿದ ಖಾತೆಯಲ್ಲಿ ಸಂತೆಯ ಖರ್ಚಿನಷ್ಟೇ ಇರಲಿ. ಇದು ನಮ್ಮ ಇಂದಿನ ಹಗೇವು.

5. ಯಾರಾದರೂ ಮೋಸದಿಂದ ರೊಕ್ಕ ಹೊಡೆದರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ರೊಕ್ಕ ತಡೆಹಿಡಿಯಲು ಆಗಬಹುದು. ತಾವಾಗಿಯೇ ಆಡಿ ಕಳೆದದ್ದು ಹೀಗೆ ಮರಳಿ ಬರುವುದು ಕಷ್ಟ.

6. ಮಕ್ಕಳು ಸೋತು ಬಂದರೆ ಮೊದಲು ಕೇಳಿಸಿಕೊಳ್ಳಿ. ಬಡಿದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಮುಚ್ಚಿಟ್ಟವರು ಇನ್ನೂ ಆಳಕ್ಕೆ ಇಳಿಯುತ್ತಾರೆ. ಕೆಲವರು ಜೀವಕ್ಕೇ ಬೇಸತ್ತುಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ 14416 ನಂಬರಿಗೆ ಫೋನ್ ಮಾಡಿ. ಇದು ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ. ಇದಕ್ಕೆ ದುಡ್ಡು ಬೀಳುವುದಿಲ್ಲ.

ಆಮೇಲೆ ಏನಾಯಿತು?

8,288 ರೂಪಾಯಿ ಮರಳಿ ಬರಲಿಲ್ಲ. ಆ ತಾಯಿ ರೈತ ಸಂಪರ್ಕ ಕೇಂದ್ರದಿಂದ ಕಡಲೆಬೀಜ ತಂದರು. ಗೊಬ್ಬರ ಅರ್ಧ ಹಾಕಿದರು. ಬೆಳೆ ವಿಮೆಯ ಕಂತು ಮಾತ್ರ ಬಿಡಲಿಲ್ಲ. ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತದೆ ತಾವೇ ಸಹಿ ಹಾಕಿದರು.

ಮಗ ರವಿವಾರ ರವಿವಾರ ಕೂಲಿಗೆ ಹೋದ. ಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ಅವನು ತಂದುಕೊಟ್ಟ ರೊಕ್ಕವನ್ನು ತಾಯಿ ಅದರ ಮೇಲೆ ಬರೆಯುತ್ತಾರೆ. ತಾಯಿ ಬರೆದದ್ದನ್ನು ಮಗ ಕೂಡಿಸುತ್ತಾನೆ. ಬಂದೂಕಿನ ಆಟ ಅವನು ಈಗಲೂ ಆಡುತ್ತಾನೆ, ದಿನಕ್ಕೆ ಅರ್ಧ ತಾಸು. ಅದಕ್ಕೆ ತಾಯಿ ಬೇಡ ಅನ್ನಲಿಲ್ಲ. ಮೊಬೈಲಿನ ಪಿನ್ ಮಾತ್ರ ಬದಲಾಗಿದೆ. ಹೊಸ ಪಿನ್ ಯಾವುದು ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಯಾರಿಗೂ ಹೇಳಬಾರ್ದು ಅಂತ ನೀವ ಕಲಿಸೀರಲ್ರೀ ಅಕ್ಕಾರ" ಎಂದು ನಕ್ಕರು.

ಹೊಸ ಪದಗಳು

ಜೋಖಿಮು: ನಷ್ಟ ಬರಬಹುದಾದ ಸಂದರ್ಭ
ಪಣ: ಆಟದಲ್ಲಿ ಒಡ್ಡುವ ರೊಕ್ಕ ಅಥವಾ ವಸ್ತು
ಕಂತು: ಗೊತ್ತಾದ ದಿನ ಕಟ್ಟಬೇಕಾದ ರೊಕ್ಕ
ವಿಮೆ: ನಷ್ಟವಾದಾಗ ಪರಿಹಾರ ಸಿಗಲೆಂದು ಮೊದಲೇ ಮಾಡುವ ಏರ್ಪಾಡು
ಪಿನ್: ಖಾತೆಯ ಬೀಗ ತೆಗೆಯುವ ಗುಟ್ಟಿನ ಅಂಕಿ

ಓದಿ, ಕೂಡಿ ಮಾತಾಡಿ

1. ಆ ತಾಯಿಗೆ ರೊಕ್ಕ ಹೋದದ್ದು ಹೇಗೆ ತಿಳಿಯಿತು?
2. ಬಂದೂಕಿನ ಆಟದ ಸೋಲಿಗೂ ರೊಕ್ಕದ ಆಟದ ಸೋಲಿಗೂ ಏನು ವ್ಯತ್ಯಾಸ?
3. "ಹೋದದ್ದು ತರಬೇಕು" ಎಂದು ಹೋಗಿ ಇನ್ನಷ್ಟು ಕಳೆದುಕೊಂಡದ್ದು ನಿಮಗೆ ಗೊತ್ತಿದೆಯೇ? ಹೆಸರು ಹೇಳದೆ ಆ ಸಂಗತಿ ಹೇಳಿ.
4. ನಿಮ್ಮ ಮನೆಯಲ್ಲಿ ಈ ವರ್ಷದ ಹಗೇವು ಯಾವುದು? ಅದರಲ್ಲಿ ಎಷ್ಟಿದೆ?
5. ನಿಮ್ಮ ಪಾಸ್‌ಬುಕ್‌ನ ಕೊನೆಯ ಐದು ಸಾಲು ಓದಿ. ಹೋದ ರೊಕ್ಕ ಕೂಡಿಸಿ ಬರೆಯಿರಿ.